ಟೋಪಿ ಹಿಡಿಯುವ ರೀತಿ

ಫೇರ್‌ಲಿಯಲ್ಲಿ ಸಂಜೆ ಆರಕ್ಕೆ ಟೊಮೇಟೊ ಕಾರ್ಖಾನೆಯ ಸೈರನ್ ಕೂಗಿತೆಂದರೆ ಊಟದ ಹೊತ್ತಾಯಿತು ಎಂದೇ ಲೆಕ್ಕ. ಆಡುತ್ತಿದ್ದ ಮಕ್ಕಳು ಚೆಂಡು ಬಿಟ್ಟು ಓಡುತ್ತಾರೆ, ಅಂಗಡಿಯವರು ಬಾಗಿಲೆಳೆಯುತ್ತಾರೆ, ಹೆಂಗಸರು ಹಿತ್ತಿಲ ಬಾಗಿಲಿಗೆ ಬಂದು "ಸೈರನ್ ಆಯ್ತು!" ಎಂದು ಕೂಗುತ್ತಾರೆ. ಊಟಕ್ಕೆ ಬನ್ನಿ ಎಂದು ಬೇರೆ ಮಾತಿನಲ್ಲಿ ಕರೆಯುವ ರೂಢಿಯೇ ಆ ಊರಿಗಿಲ್ಲ. ಆದರೆ ಊರಿನವರು ಅದನ್ನು ಮೊದಲು ಕೂಗಿಸಿದ್ದು ಊಟಕ್ಕಲ್ಲ. ಹಗಲು ಇಟ್ಟಿಗೆ ಹೊರಲಿಕ್ಕೋ ಬಟ್ಟೆ ಒಗೆಯಲಿಕ್ಕೋ ಬಂದ ಕಪ್ಪು ಜನ ಹೊತ್ತು ಮುಳುಗುವುದರೊಳಗೆ ಊರು ಬಿಡಬೇಕಿತ್ತು, ಅದಕ್ಕೆ. ರೈಲು ಸೇತುವೆಯ ಬಳಿ ಇದನ್ನೇ ಬರೆದ ಹಲಗೆಯೂ ಇತ್ತು. ಯುದ್ಧದ ವರ್ಷಗಳಲ್ಲಿ ಬಿರುಗಾಳಿಗೆ ಹಲಗೆ ಬಿತ್ತು. ಮತ್ತೆ ನೆಡುವ ಗೋಜಿಗೆ ಯಾರೂ ಹೋಗಲಿಲ್ಲ. ಓದಬೇಕಾದವರು ಅಷ್ಟರಲ್ಲಿ ಆ ಕಡೆ ತಲೆ ಹಾಕಿ ಮಲಗುವುದನ್ನೂ ಬಿಟ್ಟಿದ್ದರು.

ಅಂಥ ಊರಿನಲ್ಲಿ ವಿಲ್ಬರ್ ಟೇಟ್ ಇಪ್ಪತ್ತೆರಡು ವರ್ಷ ಸೈರನ್ ಆದಮೇಲೂ ಉಳಿದ. ಉಂಡ, ಮಲಗಿದ, ಬೆಳಗಾಗೆದ್ದು ಮುಖ್ಯ ಬೀದಿಯಲ್ಲಿ ತನ್ನ ಬೂಟಿನಂಗಡಿಯ ಬಾಗಿಲು ತೆಗೆದ. ಅವನು ಮಿಸಿಸಿಪಿಯ ಹತ್ತಿಹೊಲದ ಕಪ್ಪು ಜನರ ಮಗ. ಅಪ್ಪ ಕಪ್ಪು, ಅಣ್ಣ ಕಪ್ಪು. ತಾಯಿಯ ತಾಯಿಗೆ ಯಾವ ಬಿಳಿಯ ದೊರೆಯ ಮನೆಯಲ್ಲಿ ಏನಾಯಿತೋ, ಅದರ ಬಣ್ಣ ಎರಡು ತಲೆಮಾರು ದಾಟಿ ಬಂದು ವಿಲ್ಬರ್‌ನೊಬ್ಬನ ಮೈಮೇಲೆ ಕೂತಿತ್ತು. ಬೂದು ಕಣ್ಣು, ನೆಟ್ಟಗಿನ ಕೂದಲು, ಬಿಸಿಲಿಗೆ ಕೆಂಪೇರುವ ಚರ್ಮ. ನೋಡಿದವರು ಬಿಳಿಯನೆಂದೇ ತಿಳಿದು ಎರಡನೆಯ ಸಲ ನೋಡುತ್ತಿರಲಿಲ್ಲ.

ಅವನು ಮೋಸ ಮಾಡಬೇಕೆಂದು ಹೊರಟವನಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಉತ್ತರಕ್ಕೆ ಹೊರಟಾಗ ಅವನು ರೈಲಿನಲ್ಲಿ ಹತ್ತಿದ್ದು ಕಪ್ಪು ಜನರ ಡಬ್ಬಿಯನ್ನೇ. ಟಿಕೆಟ್ ನೋಡುವವನು ಬಂದು ಇವನ ಮುಖ ಕಂಡು ಗಾಬರಿಯಾದ. "ಅಯ್ಯೋ, ಇಲ್ಯಾಕ್ ಕೂತ್ರಿ ಸ್ವಾಮಿ? ನಿಮ್ಮ ಡಬ್ಬಿ ಮುಂದಿದೆ, ಬನ್ನಿ ಬನ್ನಿ" ಎಂದು ಇವನ ಗಂಟನ್ನು ತಾನೇ ಹೊತ್ತು ಬಿಳಿಯರ ಡಬ್ಬಿಯ ಮೆತ್ತನೆಯ ಕುರ್ಚಿಗೆ ತಂದು ಕೂರಿಸಿದ. ವಿಲ್ಬರ್ ಇಲ್ಲ ಎನ್ನಲಿಲ್ಲ. ಫೇರ್‌ಲಿಯಲ್ಲಿ ಕೋಣೆ ಬಾಡಿಗೆ ಕೊಟ್ಟ ಮುದುಕಿ, "ಮಿಸೂರಿ ಕಡೆಯವ್ನಾ ನೀನು? ಮಾತು ಹಾಗೇ ಎಳೀತೀಯಪ್ಪ" ಎಂದಳು. ಇಲ್ಲ ಎನ್ನಲಿಲ್ಲ. ಅದು ದೊಡ್ಡ ಪ್ರವಾಹದ ವರ್ಷ. "ಮನೆಯವ್ರೆಲ್ಲ ನೀರಲ್ಲಿ ಹೋದ್ರಾ, ಪಾಪ?" ಎಂದಳು. ಅದಕ್ಕೂ ಇಲ್ಲ ಎನ್ನಲಿಲ್ಲ. ಮನೆಯವರೆಲ್ಲ ಆರೋಗ್ಯವಾಗಿಯೇ ಇದ್ದರು. ಇವನು ತಲೆಯಾಡಿಸಿ ಅವರನ್ನು ಮುಳುಗಿಸಿದ. ಆಮೇಲೆ ಮನೆಗೆ ಒಂದು ಅಕ್ಷರ ಬರೆದವನಲ್ಲ. ಇದಕ್ಕೆ ಅವನನ್ನು ಕ್ಷಮಿಸುವುದು ಕಷ್ಟ. ಕ್ಷಮಿಸಬೇಕಾದವರು ಯಾರೂ ಫೇರ್‌ಲಿಯಲ್ಲಿ ಇರಲಿಲ್ಲ, ಅಷ್ಟೆ.

ಅವನು ಆ ಊರನ್ನೇ ಹಿಡಿದು ಕೂತದ್ದಕ್ಕೂ ಕಾರಣವಿತ್ತು. ದೊಡ್ಡ ಪಟ್ಟಣವಾದರೆ ತನ್ನ ಕಡೆಯವರು ಬೀದಿಬೀದಿಗೆ ಎದುರಾಗುತ್ತಾರೆ. ಬಿಳಿಯರ ಕಣ್ಣಿಗೆ ಮಣ್ಣೆರಚಬಹುದು, ತನ್ನವರ ಕಣ್ಣಿಗೆ ಆಗುವುದಿಲ್ಲ. ಒಂದು ನೋಟಕ್ಕೆ ತಮ್ಮವನನ್ನು ಹಿಡಿಯುತ್ತಾರೆ. ತನ್ನವರನ್ನು ಒಂದು ರಾತ್ರಿಯೂ ಇರಗೊಡದ ಊರಿಗಿಂತ ಅವನಿಗೆ ಸುರಕ್ಷಿತವಾದ ಊರು ಇನ್ನಾವುದಿತ್ತು?

ಮೈಗೆ ಅಂಟಿದ್ದನ್ನೆಲ್ಲ ಅವನು ಆ ಬಾಡಿಗೆ ಕೋಣೆಯ ಕನ್ನಡಿಯ ಮುಂದೆ ನಿಂತು ಒಂದೊಂದಾಗಿ ಬಿಡಿಸಿಕೊಂಡ. ಎಲ್ಲಕ್ಕಿಂತ ಕಷ್ಟವಾದದ್ದು ಟೋಪಿ. ಬಿಳಿಯ ದೊರೆ ಎದುರಾದರೆ ಟೋಪಿ ಹೇಗೆ ಹಿಡಿಯಬೇಕೆಂದು ಅಪ್ಪ ಕೆನ್ನೆಗೆ ಬಿಗಿದು ಕಲಿಸಿದ್ದ. ತಲೆಯ ಮೇಲಂತೂ ಇರಕೂಡದು. ಒಂದು ಕೈಯಲ್ಲಿ ಹಿಡಿಯಕೂಡದು. ಇನ್ನೊಂದು ಕೈಯಲ್ಲೇನಿದೆಯೋ ಎಂದು ದೊರೆಗೆ ಅನುಮಾನ. ಟೋಪಿಯನ್ನು ಮಗುಚಿ, ಅಂಚನ್ನು ಎರಡು ಹೆಬ್ಬೆರಳಿನಿಂದ ಒತ್ತಿ, ಟೋಪಿಯ ಒಳಗೂ ಕಾಣಬೇಕು ಅಂಗೈಗಳೂ ಕಾಣಬೇಕು ಹಾಗೆ ಹೊಟ್ಟೆಗೆ ತಾಗಿಸಿ ಹಿಡಿಯಬೇಕು. ಕಣ್ಣು ಅವನ ಬೂಟಿನ ಮೇಲೆ. ಒಂದು ಹೆಜ್ಜೆ ಸರಿಯಬೇಕು, ಹಿಂದಕ್ಕಲ್ಲ, ಪಕ್ಕಕ್ಕೆ. ಹಿಂದೆ ಸರಿದರೆ ಓಡುತ್ತಾನೆಂದು ತಿಳಿಯುತ್ತಾನೆ. ಅಣ್ಣ ಒಂದು ದಿನ ಮೈಮರೆತು ಒಂದೇ ಕೈಯಲ್ಲಿ ಹಿಡಿದಿದ್ದ. ಹತ್ತಿ ಗೋದಾಮಿನ ಹಿಂದೆ ಕರೆದುಕೊಂಡು ಹೋಗಿ ಹೊಡೆದರು. ಆಮೇಲೆ ಅವನ ಎಡಗಿವಿ ಕೇಳಿಸಲೇ ಇಲ್ಲ.

ಇದನ್ನು ಮರೆಯಲು ವಿಲ್ಬರ್‌ಗೆ ಒಂದು ಚಳಿಗಾಲವೇ ಹಿಡಿಯಿತು. ಟೋಪಿಯನ್ನು ಒಂದೇ ಕೈಯಲ್ಲಿ ತೂಗಾಡಿಸುವುದು, ಹಣೆಯ ಮೇಲೆ ಓರೆಯಾಗಿ ತಳ್ಳುವುದು, ಮಾತಾಡುತ್ತಾ ಅದರಿಂದಲೇ ಗಾಳಿ ಬೀಸಿಕೊಳ್ಳುವುದು ಇವೆಲ್ಲ ಕಲಿತ. ಕೊನೆಗೆ ಊರಿನ ಯಾವ ಬಿಳಿಯನೂ ಅವನಷ್ಟು ಅಸಡ್ಡೆಯಿಂದ ಟೋಪಿ ಹಿಡಿಯುತ್ತಿರಲಿಲ್ಲ.

ಬಡಗಿಯ ಮಗಳು ಓಪಲ್ ಅವನನ್ನು ಮೆಚ್ಚಿ ಮದುವೆಯಾದಳು. ಬಸುರಿಯಾದಳೆಂದು ತಿಳಿದ ದಿನ ಆಕೆ ಹಾಡುತ್ತಾ ತಿರುಗಿದಳು; ಅವನು ಅಂಗಡಿಯ ಹಿಂದೆ ಹೋಗಿ ತನ್ನ ಮನೆಯಲ್ಲಿ ಕಪ್ಪಗಿದ್ದವರು ಎಷ್ಟು ಜನ ಎಂದು ಬೆರಳು ಮಡಿಚಿ ಎಣಿಸಿದ. ಹುಟ್ಟಿದ ಮಗುವಿನ ಬಣ್ಣವನ್ನು ನಂಬುವಂತಿಲ್ಲ, ಮುಂದೆ ಬರುವ ಬಣ್ಣ ಕಿವಿಯ ಅಂಚಿನಲ್ಲಿ ಮೊದಲೇ ಕಾಣುತ್ತದೆ ಎಂದು ಅವನ ಕಡೆ ಹೆಂಗಸರು ಹೇಳುವುದಿತ್ತು. ದಾದಿ ಮಗುವನ್ನು ತಂದು ಕೈಗಿಟ್ಟಾಗ ಎಲ್ಲ ತಂದೆಯರೂ ಮುಖ ನೋಡುತ್ತಾರೆ. ವಿಲ್ಬರ್ ಬಟ್ಟೆ ಸರಿಸಿ ಕಿವಿ ನೋಡಿದ. ಗುಲಾಬಿ ಬಣ್ಣದ ಕಿವಿ. ಆಮೇಲೆ ಮುಖ ನೋಡಿದ. ಮೂಗು ಅವನ ತಾಯಿಯದೇ. ಅತ್ತುಬಿಟ್ಟ. ಆರ್ಲೀನ್ ಎಂದು ಹೆಸರಿಟ್ಟರು, ಇನ್ನೊಂದು ಮಗು ಬೇಡವೆಂದ. ಓಪಲ್ ಕಾರಣ ಕೇಳಿದಳು, ಅವನು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಹೇಳಿದ.

ಊರಿನಲ್ಲಿ ದೊಡ್ಡಮನುಷ್ಯರದೊಂದು ಕ್ಲಬ್ಬಿತ್ತು. ವರ್ಷಕ್ಕೊಮ್ಮೆ ವಸಂತದಲ್ಲಿ ಆ ಕ್ಲಬ್ಬಿನವರು ಶಾಲೆಯ ಸಭಾಂಗಣದಲ್ಲಿ ಕರಿಮುಖದ ಆಟ ಆಡುತ್ತಿದ್ದರು. ಅಂಗಡಿಯವರು, ವಕೀಲರು, ಹಲ್ಲಿನ ಡಾಕ್ಟರು ಎಲ್ಲರೂ ಮುಖಕ್ಕೆ ಮಸಿ ಬಳಿದು, ತುಟಿಯ ಸುತ್ತ ಬಿಳಿ ಬರೆದು, ಅರ್ಧಚಂದ್ರದ ಹಾಗೆ ಕುರ್ಚಿ ಹಾಕಿಕೊಂಡು ಕೂರುವರು. ನಡುಕುರ್ಚಿಯಲ್ಲಿ ಮಸಿಯಿಲ್ಲದ ದೊರೆ. ಎರಡು ಕೊನೆಯ ಕುರ್ಚಿಯಲ್ಲಿ ಇಬ್ಬರು ಕೋಡಂಗಿಗಳು. ದೊರೆ ಬೈಯುವುದು, ಕೋಡಂಗಿಗಳು ಹೆಡ್ಡುತನ ಆಡುವುದು, ಊರೆಲ್ಲ ನಗುವುದು. ಜೀವಮಾನದಲ್ಲಿ ಒಬ್ಬ ಕಪ್ಪು ಮನುಷ್ಯನ ಜೊತೆ ನಾಲ್ಕು ಮಾತಾಡದವರು ಅವರ ಹಾಗೆ ಮಾತಾಡಿ ಶಿಳ್ಳೆ ಗಿಟ್ಟಿಸುತ್ತಿದ್ದರು. ಇದರ ದುಡ್ಡು ಮಕ್ಕಳ ಆಸ್ಪತ್ರೆಗೆ ಹೋಗುತ್ತಿತ್ತು, ಹಾಗಾಗಿ ಯಾರ ಮನಸ್ಸಿಗೂ ಕಸಿವಿಸಿ ಇರಲಿಲ್ಲ.

ಕ್ಲಬ್ಬು ಸೇರದೆ ಅಂಗಡಿ ನಡೆಯದು; ಸೇರಿದರೆ ಆಟ ತಪ್ಪದು. ವಿಲ್ಬರ್ ಒಂದು ಉಪಾಯ ಮಾಡಿದ. ಮಸಿ ಹಚ್ಚುವ ಕೆಲಸವನ್ನು ತಾನೇ ವಹಿಸಿಕೊಂಡ. ವರ್ಷವೆಲ್ಲ ಬಾಟಲಿಯ ಬಿರಡೆಗಳನ್ನು ಕೂಡಿಟ್ಟು, ಸುಟ್ಟು, ಅರೆದು, ನೀರಿನಲ್ಲಿ ಕಲಸಿ, ಮೊದಲು ಮುಖಕ್ಕೆ ಬೆಣ್ಣೆಯಂಥ ಜಿಡ್ಡು ಸವರಿ ಆಮೇಲೆ ಹಚ್ಚುತ್ತಿದ್ದ. ಎಲ್ಲರಿಗೂ ಹಚ್ಚಿ ಮುಗಿಸುವುದರಲ್ಲಿ ಪರದೆ ಏಳುತ್ತಿತ್ತು. ಹಾಗಾಗಿ ತನ್ನ ಮುಖ ಉಳಿಯುತ್ತಿತ್ತು. "ನಮ್ಮ ಟೇಟ್ ಕೈಲಿ ಬಣ್ಣ ಹಾಕಿಸ್ಕೊಂಡ್ರೆ ನನ್ನ ಹೆಂಡ್ತಿಗೂ ಗುರುತು ಸಿಗಲ್ಲ" ಎಂದು ಜನ ಹೊಗಳುವರು.

ಸಾವಿರದ ಒಂಬೈನೂರ ನಲವತ್ತೊಂಬತ್ತರ ವಸಂತಕ್ಕೆ ವಿಲ್ಬರ್‌ನ ಬದುಕು ನಿಜಕ್ಕೂ ದಡ ಮುಟ್ಟಿದಂತಿತ್ತು. ಆರ್ಲೀನ್‌ಳನ್ನು ಕ್ಲೈಡ್ ಹಾಸ್ಕಿನ್ಸನ ಮಗ ಡ್ವೈಟ್ ಕೇಳಿದ್ದ, ಜೂನಿನಲ್ಲಿ ಮದುವೆ. ಹಾಸ್ಕಿನ್ಸನೆಂದರೆ ಊರಿನ ದೊಡ್ಡ ಕುಳ, ಕ್ಲಬ್ಬಿನ ಅಧ್ಯಕ್ಷ, ಕರಿಮುಖದಾಟದ ನಡುಕುರ್ಚಿಯ ದೊರೆ. ಅವನ ಪೀಠೋಪಕರಣದ ಅಂಗಡಿಯ ಕಿಟಕಿಯಲ್ಲಿ ಊರಿನ ಮೊದಲ ಟೆಲಿವಿಷನ್ ಕೂತು ಕುಸ್ತಿ ತೋರಿಸುತ್ತಿತ್ತು, ಬೀದಿಯ ಜನ ಗಾಜಿಗೆ ಮೂಗೊತ್ತಿ ನೋಡುತ್ತಿದ್ದರು. ಸೈನ್ಯದಲ್ಲಿ ಕಪ್ಪು ಬಿಳಿ ಒಂದೇ ಕಡೆ ಮಲಗಬೇಕೆಂದು ಸರ್ಕಾರ ಆಜ್ಞೆ ಹೊರಡಿಸಿದಂದಿನಿಂದ ಅವನಿಗೆ ಎಲ್ಲೆಲ್ಲೂ ಕಮ್ಯುನಿಸ್ಟರೇ ಕಾಣುತ್ತಿದ್ದರು. ಕ್ಲಬ್ಬಿನವರನ್ನೆಲ್ಲ ಎದ್ದು ನಿಲ್ಲಿಸಿ, ಬಲಗೈ ಎತ್ತಿಸಿ, ನಾನು ಕಮ್ಯುನಿಸ್ಟನಲ್ಲ, ಈ ದೇಶಕ್ಕೆ ಬಚ್ಚಿಡುವಂಥದ್ದು ನನ್ನಲ್ಲಿ ಏನೂ ಇಲ್ಲ ಎಂದು ಪ್ರಮಾಣ ಮಾಡಿಸಿದ. ಮೊದಲ ಅರ್ಧ ಹೇಳುವಾಗ ವಿಲ್ಬರ್‌ನ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು.

ಆಟ ಶನಿವಾರ ಮಧ್ಯಾಹ್ನ. ಎಡಗೊನೆಯ ಕೋಡಂಗಿ ಮಾಂಸದಂಗಡಿಯ ಗಸ್. ಆ ಬೆಳಿಗ್ಗೆ ಹಾಸ್ಕಿನ್ಸ್ ಏದುಸಿರು ಬಿಡುತ್ತಾ ಬೂಟಿನಂಗಡಿಗೆ ಬಂದ.

"ಬೀಗ್ರೇ, ಕೆಟ್ವಿ. ಗಸ್‌ಗೆ ಮಂಗನಬಾವು! ಮಕ್ಕಳಿಂದ ಹತ್ತಿಸ್ಕೊಂಡವ್ನೆ. ಮುಖ ಕುಂಬಳಕಾಯಿ ಆಗಿದೆ."

"ಅಯ್ಯೋ ಪಾಪ" ಎಂದ ವಿಲ್ಬರ್.

"ಪಾಪ ಅವನಿಗಲ್ಲ, ನಮಗೆ. ಇನ್ನು ನೀವೇ ಗತಿ."

ವಿಲ್ಬರ್ ಕೈಯಲ್ಲಿದ್ದ ಬೂಟು ಕೆಳಗಿಟ್ಟ. "ನಂಗೆ ಆಟಗೀಟ ಬರಲ್ಲ ಕ್ಲೈಡ್. ನಾನು ಬಣ್ಣದೋನು."

"ಬರೋದೇನಿದೆ ಅದ್ರಲ್ಲಿ? ಕೂತ್ಕೊಳ್ಳೋದು, ನಾನು ಬೈದಾಗ ಬೈಸ್ಕೊಳ್ಳೋದು. ಮುಂದೆ ಬೀಗರಾದ್ಮೇಲೆ ಹೇಗೂ ಅಭ್ಯಾಸ ಆಗ್ಬೇಕಲ್ಲ!" ಹಾಸ್ಕಿನ್ಸ್ ತನ್ನ ಮಾತಿಗೆ ತಾನೇ ನಕ್ಕ. "ನಮ್ಮತ್ತೆ ಬೇರೆ ಬಂದವ್ರೆ, ನಿನ್ನೆ ತಾನೆ ರೈಲಿಳಿದ್ರು. ಮಿಸಿಸಿಪಿಯಿಂದ ಅಷ್ಟು ದೂರ ಮೊಮ್ಮಗನ ಹುಡುಗಿ ನೋಡೋಕೆ ಬಂದವ್ರೆ. ಅವ್ರ ಮುಂದೆ ಮಾನ ಕಳೀಬೇಡಿ. ಏನು, ಆಗಲ್ಲಾಂತೀರಾ?"

ವಿಲ್ಬರ್ ಇಲ್ಲ ಎನ್ನಲಿಲ್ಲ. ಹುಟ್ಟಾ ಬಾರದ ವಿದ್ಯೆ ಆ ಹೊತ್ತಿಗೆ ಎಲ್ಲಿಂದ ಬರಬೇಕು?

ಸಭಾಂಗಣದ ಹಿಂದಿನ ಕೋಣೆಯಲ್ಲಿ ಅವನು ಎಲ್ಲರ ಮುಖಕ್ಕೂ ಹಚ್ಚಿ ಕೊನೆಗೆ ತನ್ನ ಮುಖಕ್ಕೆ ಹಚ್ಚಿಕೊಂಡ. ಹಣೆ, ಕೆನ್ನೆ, ಗದ್ದ, ಕಿವಿಯ ಹಿಂದೆ. ತಲೆಯೆತ್ತಿದರೆ ಕನ್ನಡಿಯಲ್ಲಿ ಅಣ್ಣ ಕೂತಿದ್ದ. ಇಪ್ಪತ್ತೆರಡು ವರ್ಷದ ಹಿಂದಿನ ಅಣ್ಣನಲ್ಲ, ಈಗ ಇರಬಹುದಾದ ಅಣ್ಣ, ಕಣ್ಣಿನ ಕೆಳಗೆ ಚೀಲ ಬಂದವನು. ವಿಲ್ಬರ್ ಬೇಗಬೇಗ ತುಟಿಯ ಸುತ್ತ ಬಿಳಿ ಬಳಿದು ಅವನನ್ನು ಕೋಡಂಗಿ ಮಾಡಿದ. ಮಾಡದೆ ಇದ್ದಿದ್ದರೆ ಅಲ್ಲಿಂದ ಏಳಲಾಗುತ್ತಿರಲಿಲ್ಲ.

ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಓಪಲ್. ಪಕ್ಕದಲ್ಲಿ ಹಾಸ್ಕಿನ್ಸನ ಅತ್ತೆ ಲವೀನಿಯಾ ಅಮ್ಮ, ಬೆಳ್ಳಿ ಕೂದಲು, ಕೊರಳಿಗೆ ಮುತ್ತು, ಕೈಯಲ್ಲಿ ಬೀಸಣಿಗೆ. ಅದರಾಚೆ ಆರ್ಲೀನ್ ಮತ್ತು ಡ್ವೈಟ್. ವಿಲ್ಬರ್ ಒಂದೇ ಒಂದು ನಿಶ್ಚಯ ಮಾಡಿಕೊಂಡಿದ್ದ. ಚೆನ್ನಾಗಿ ಆಡಬಾರದು. ಮಾತನ್ನು ಬೇಕೆಂದೇ ಕೆಡಿಸಬೇಕು, ಎಡವಬೇಕು, ಈ ಜನ್ಮದಲ್ಲಿ ಒಬ್ಬ ಕಪ್ಪು ಮನುಷ್ಯನನ್ನೂ ಕಂಡಿಲ್ಲದವನ ಹಾಗೆ ಇರಬೇಕು. ಹಾಗೇ ಮಾಡಿದ. ಹಾಸ್ಯದ ಮಾತುಗಳನ್ನು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದ. ಜನ ಆಕಳಿಸಿದರು. ಹಿಂದಿನಿಂದ ಯಾರೋ, "ಟೇಟ್, ಹೋಗಿ ಬೂಟ್ ಮಾರಯ್ಯ!" ಎಂದು ಕೂಗಿದರು. ಮಸಿಯ ಕೆಳಗೆ ವಿಲ್ಬರ್‌ಗೆ ಉಸಿರು ಬಂತು. ಇನ್ನೊಂದು ಹಾಡು, ಆಮೇಲೆ ಪರದೆ.

ಆದರೆ ಹಾಸ್ಕಿನ್ಸ್‌ಗೆ ಆಟ ಬಿದ್ದುಹೋಗುವುದನ್ನು ಸಹಿಸಲಾಗಲಿಲ್ಲ. ಅವನು ಹೆಣ್ಣು ತಂದದ್ದು ಮಿಸಿಸಿಪಿಯಿಂದ. ಮಾವನ ಮನೆಯ ಜಗಲಿಯಲ್ಲಿ ಕೂತು ಆಳುಗಳನ್ನು ಹೇಗೆ ಕರೆಯುತ್ತಾರೆಂದು ಕೇಳಿ ಬಲ್ಲವನು. ಕುರ್ಚಿಯಿಂದ ಎದ್ದ, ಎದೆ ಉಬ್ಬಿಸಿದ, ಮಾವನ ದನಿ ತೆಗೆದ.

"ಏಯ್ ಹುಡುಗಾ! ಟೋಪಿ!"

ವಿಲ್ಬರ್ ಏನೂ ಮಾಡಲಿಲ್ಲ. ಮಾಡಿದ್ದು ಅವನ ಮೈ. ಟೋಪಿ ತಲೆಯಿಂದ ಇಳಿದು ಮಗುಚಿಕೊಂಡಿತು, ಎರಡು ಹೆಬ್ಬೆರಳು ಅಂಚಿನ ಮೇಲೆ ಕೂತವು, ಅಂಗೈಗಳು ತೆರೆದುಕೊಂಡು ಹೊಟ್ಟೆಗೆ ತಾಗಿದವು, ಎಡಗಾಲು ಪಕ್ಕಕ್ಕೆ ಸರಿಯಿತು, ಕಣ್ಣು ಹಾಸ್ಕಿನ್ಸನ ಬೂಟಿನ ಮೇಲೆ ಬಿತ್ತು. ತಾನೇ ಮಾರಿದ ಬೂಟು, ಕಂದು ಬಣ್ಣದ್ದು. ಅದನ್ನೇ ನೋಡುತ್ತಾ, "ಅಪ್ಪಣೆ ಬುದ್ಧೀ" ಎಂದ. ಹೇಳಿದ್ದು ಹತ್ತೊಂಬತ್ತು ವರ್ಷದ ಹುಡುಗನ ದನಿಯಲ್ಲಿ.

ಸಭಾಂಗಣದ ಮಾಡು ಹಾರುವ ಹಾಗೆ ನಗು. ಜನ ಎದ್ದು ನಿಂತು ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು, ಹಲ್ಲಿನ ಡಾಕ್ಟರು ಕುರ್ಚಿಯಿಂದ ಜಾರಿಬಿದ್ದರು. ಅಂಥ ನಟನೆಯನ್ನು ಫೇರ್‌ಲಿ ಕಂಡಿರಲಿಲ್ಲ. "ಇನ್ನೊಂದ್ ಸಲ! ಇನ್ನೊಂದ್ ಸಲ!" ಎಂದು ಕೂಗಿದರು. ಹಾಸ್ಕಿನ್ಸ್ ಇನ್ನೊಂದು ಸಲ ಮಾಡಿಸಿದ. ಮೂರನೆಯ ಸಲವೂ ಮಾಡಿಸಿದ. ವಿಲ್ಬರ್ ಬೇರೆ ಥರ ಹಿಡಿಯಲು ನೋಡಿದ, ಕೈ ಕೇಳಲಿಲ್ಲ.

ನಗದಿದ್ದವರು ಒಬ್ಬರೇ. ಲವೀನಿಯಾ ಅಮ್ಮ ಬೀಸಣಿಗೆ ಮಡಿಚಿಟ್ಟು, ಮುಂದಕ್ಕೆ ಬಾಗಿ, ಅವನ ಕೈಗಳನ್ನು ನೋಡಿದರು. ತವರಿನ ಪಾತ್ರೆ ಬೇರೆಯವರ ಅಡುಗೆಮನೆಯಲ್ಲಿ ಕಂಡವರ ಹಾಗೆ ನೋಡಿದರು. ಆಮೇಲೆ ಓಪಲ್‌ಳ ಕಿವಿಗೆ ಬಾಗಿದರು. ಓಪಲ್‌ಳ ಚಪ್ಪಾಳೆ ನಿಂತಿತು.

ಒಳಗೆ ಬಂದಮೇಲೆ ಗಂಡಸರು ವಿಲ್ಬರ್‌ನ ಬೆನ್ನು ಬಾವು ಬರುವ ಹಾಗೆ ತಟ್ಟಿದರು. "ಎಲ್ಲಿ ಬಚ್ಚಿಟ್ಟಿದ್ರಯ್ಯ ಇದನ್ನ ಇಷ್ಟು ವರ್ಷ!" ಎಂದ ಹಾಸ್ಕಿನ್ಸ್. "ಇನ್ಮೇಲೆ ಗಸ್ ಮನೇಲಿರ್ಲಿ, ಪ್ರತಿ ವರ್ಷ ನೀವೇ!"

"ರೇಡಿಯೋದಲ್ಲಿ ಕೇಳಿದ್ದು" ಎಂದ ವಿಲ್ಬರ್.

"ರೇಡಿಯೋದಲ್ಲಿ ಟೋಪಿ ಕಾಣಿಸುತ್ತೇನ್ರೀ!" ಮತ್ತೆ ನಗು.

ಪ್ರತಿ ವರ್ಷ ಆಟ ಮುಗಿದೊಡನೆ ಓಪಲ್ ಹಿಂದಿನ ಕೋಣೆಗೆ ಬಂದು ಒದ್ದೆ ಬಟ್ಟೆ ಕೊಡುತ್ತಿದ್ದಳು. ಈ ಸಲ ಬರಲಿಲ್ಲ. ವಿಲ್ಬರ್ ಎಲ್ಲರ ಮುಖ ಒರೆಸಿಕೊಟ್ಟು, ತನ್ನದನ್ನು ಒರೆಸಿಕೊಂಡು, ಒಬ್ಬನೇ ಮನೆಗೆ ನಡೆದ. ದಾರಿಯಲ್ಲಿ ಮಕ್ಕಳು ಆಗಲೇ ಆಟ ಶುರುಮಾಡಿದ್ದರು. ಒಬ್ಬ "ಏಯ್ ಹುಡುಗಾ, ಟೋಪಿ!" ಎನ್ನುವುದು, ಉಳಿದವರು ಟೋಪಿ ತೆಗೆದು ಬಗ್ಗುವುದು. ಒಬ್ಬರಿಗೂ ಸರಿಯಾಗಿ ಬರುತ್ತಿರಲಿಲ್ಲ. ಅವನನ್ನು ಕಂಡು, "ಟೇಟ್ ಮಾಮ, ಹೀಗಾ? ಹೀಗಾ?" ಎಂದು ಮುತ್ತಿಕೊಂಡರು. "ಹಾಗೇ, ಹಾಗೇ, ಸರಿಯಾಗಿದೆ" ಎಂದು ತಪ್ಪಿಸಿಕೊಂಡು ಬಂದ.

ಓಪಲ್ ಅಡುಗೆಮನೆಯಲ್ಲಿ ನಿಂತೇ ಇದ್ದಳು. ಒಲೆಯಲ್ಲಿ ಮಾಂಸ ಬೇಯುತ್ತಿತ್ತು. ಟೋಪಿಯನ್ನು ಗೂಟಕ್ಕೆ ಹಾಕಿ ಅವನು ತಿರುಗಿದಾಗ ಅವಳ ಕೈಯಲ್ಲಿ ಒದ್ದೆ ಬಟ್ಟೆಯಿತ್ತು.

"ಕೂತ್ಕೋ. ಕಿವಿ ಹಿಂದೆ ಉಳಿದಿದೆ."

ಕೂತ. ಅವಳು ಒರೆಸಿದಳು. ಒರೆಸಿ, ಬಟ್ಟೆ ನೋಡಿ, ಮತ್ತೆ ಒರೆಸಿದಳು. ಬಟ್ಟೆ ಬೆಳ್ಳಗೇ ಇತ್ತು. ಚರ್ಮ ಉರಿಯತೊಡಗಿತು. ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಅಲ್ಲೇನೂ ಇಲ್ಲ, ಓಪಲ್."

"ಇದೆ" ಎಂದಳು. "ಲವೀನಿಯಾ ಅಮ್ಮ ಕೇಳಿದ್ರು, ನಿನ್ನ ಗಂಡ ಯಾವ ಕಡೆಯವ್ನಮ್ಮ ಅಂತ. ಮಿಸೂರಿ ಅಂದೆ. ಅಲ್ಲ ಮಗಳೇ, ನಮ್ಮ ಕಡೆಯವ್ನು ಅಂದ್ರು. ನಮ್ಮ ಹೊಲದ ಆಳುಗಳೆಲ್ಲ ನಮ್ಮಪ್ಪನ ಮುಂದೆ ಹೀಗೇ ನಿಲ್ತಿದ್ರು, ಇದು ನೋಡಿ ಬರೋದಲ್ಲ, ಹೊಡೆಸ್ಕೊಂಡು ಬರೋದು ಅಂದ್ರು. ನಗ್ತಾನೇ ಅಂದ್ರು, ನನ್ನ ಕೈ ಹಿಡ್ಕೊಂಡು." ಬಟ್ಟೆ ಕೆಳಗೆ ಬಿತ್ತು. "ಸುಳ್ಳು ಅನ್ನು ವಿಲ್ಬರ್. ಇಲ್ಲ ಅನ್ನು. ಒಂದ್ಸಲ ಇಲ್ಲ ಅನ್ನು, ನಂಬ್ತೀನಿ."

ಇಪ್ಪತ್ತೆರಡು ವರ್ಷ ಇಲ್ಲ ಎನ್ನದೆಯೇ ಬದುಕಿದವನು, ಈಗಲೂ ಇಲ್ಲ ಎನ್ನಲಿಲ್ಲ.

ಓಪಲ್ ಅವನ ಕೆನ್ನೆಗೆ ಹೊಡೆದಳು. ಹೊಡೆದ ಕೈಯನ್ನು ತನ್ನ ಮಡಿಲ ಬಟ್ಟೆಗೆ ಒರೆಸಿಕೊಂಡಳು. ಹೊಡೆತಕ್ಕಿಂತ ಆ ಒರೆಸಿಕೊಂಡದ್ದು ಅವನಿಗೆ ಹೆಚ್ಚು ನೋವು ಕೊಟ್ಟಿತು.

"ಇಷ್ಟು ವರ್ಷ ನಂಗೆ ಟೋಪಿ ಹಾಕ್ದೆಯಲ್ಲೋ! ನನ್ನ ಪಕ್ಕ ಮಲಗಿದ್ದೋನು ಯಾರು? ನಾನು ಯಾರ ಎಂಜಲು ತಟ್ಟೆಯಲ್ಲಿ ಉಂಡೆ?"

"ನಾನೇ ಓಪಲ್. ನಾನೇ ಇದ್ದದ್ದು. ಬೇರೆ ಯಾರೂ ಅಲ್ಲ."

"ಮಗಳ ಗತಿ ಯೋಚ್ನೆ ಮಾಡ್ದ್ಯಾ?"

"ಅವಳ ಗತೀನೇ ಯೋಚ್ನೆ ಮಾಡಿದ್ದು, ಅವಳು ಹುಟ್ಟಿದಾಗಿಂದ. ಆ ಮುದುಕಮ್ಮ... ಯಾರಿಗಾದ್ರೂ ಹೇಳಿದ್ರಾ? ಕ್ಲೈಡ್‌ಗೆ?"

"ಹೇಳಲ್ಲ" ಎಂದಳು ಓಪಲ್. ಈಗ ಅವಳ ದನಿ ಮಾರುಕಟ್ಟೆಯಲ್ಲಿ ತರಕಾರಿ ಕೇಳುವಷ್ಟು ಸಮವಾಗಿತ್ತು. ಅದಕ್ಕೆ ಅವನು ಹೆದರಿದ. "ಮದುವೆ ನಡಿಯತ್ತೆ. ಅದಕ್ಕೆ ಏನು ಮಾಡ್ಬೇಕೋ ನಾನು ಮಾಡಿದ್ದೀನಿ. ಆರ್ಲೀನ್ ನಿನ್ನ ಮಗಳಲ್ಲ ಅಂತ ಅವ್ರಿಗೆ ಹೇಳ್ದೆ."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ.

"ಮದುವೆಗೆ ಮುಂಚೆ ಒಬ್ಬ ಸಿಪಾಯಿ ಇದ್ದ, ಅವನದು ಅಂದೆ. ಎಲ್ಲರ ಚಪ್ಪಾಳೆ ಮಧ್ಯೆ ಕೂತು, ನನ್ನ ಮಾನ ನಾನೇ ಕಳ್ಕೊಂಡು ಅಂದೆ. ಅವರು ಆರ್ಲೀನ್‌ನ ಹತ್ರ ಕರೆದು, ಓಲೆ ಚೆನ್ನಾಗಿದೆ ಕಣೇ ಅಂತ ಕೂದಲು ಸರಿಸಿ ಕಿವಿ ನೋಡಿದ್ರು. ತಿರುಗಿಸಿ ತಿರುಗಿಸಿ ನೋಡಿದ್ರು. ಆಮೇಲೆ ನನ್ನ ಕೈ ತಟ್ಟಿ, ಪರವಾಗಿಲ್ಲ ಮಗಳೇ, ಹೆಂಗಸು ಜಾರೋದು ದೇವರಿಗೂ ಗೊತ್ತಿರೋ ವಿಷಯ ಅಂದ್ರು. ನಂಬಿದ್ರು."

ವಿಲ್ಬರ್ ತಲೆ ತಗ್ಗಿಸಿದ. ಆ ಗುಲಾಬಿ ಕಿವಿ ನೋಡಿ ತಾನು ಅತ್ತ ದಿನ ನೆನಪಾಯಿತು. ಕಾಪಾಡು ಎಂದು ಅಂದು ಬೇಡಿದ್ದ ಕಿವಿ ಇಂದು ಕಾಪಾಡಿತ್ತು. ಮಗಳನ್ನು ಉಳಿಸಿತ್ತು, ಅವಳನ್ನು ಅವನಿಂದ ಕಿತ್ತುಕೊಂಡಿತ್ತು.

"ಒಂದೇ ಮಾತು ಹೇಳಿದ್ರು" ಎಂದಳು ಓಪಲ್. "ಅವನ ಜೊತೆ ಒಂದೇ ಮೇಜಲ್ಲಿ ಕೂತು ಉಣ್ಣೋಕೆ ನನ್ನಿಂದಾಗಲ್ಲ, ತಪ್ಪು ತಿಳೀಬೇಡ ಅಂದ್ರು. ನಾಳೆ ಮಧ್ಯಾಹ್ನ ಹಾಸ್ಕಿನ್ಸ್ ಮನೇಲಿ ಊಟ ಇದೆಯಲ್ಲ, ನಮಗೆಲ್ಲ. ನಿಮ್ಮೂರಲ್ಲಿ ಆರು ಗಂಟೆಗೆ ಒಳ್ಳೆ ಪದ್ಧತಿ ಇದೆಯಂತಲ್ಲ, ಅಳಿಯ ಹೇಳ್ತಿದ್ದ ಅಂದ್ರು. ಅಷ್ಟೇ ಅಂದಿದ್ದು."

"ಆರ್ಲೀನ್‌ಗೆ ಏನು ಹೇಳ್ತೀಯ?"

"ಓಡಿಹೋದ ಅಂತೀನಿ. ಇನ್ಯಾವಳೋ ಇದ್ಲು ಅಂತೀನಿ. ಒಂದು ವಾರ ಅಳ್ತಾಳೆ, ಆಮೇಲೆ ನಿನ್ನ ಹೆಸರೆತ್ತಿದ್ರೆ ಉಗೀತಾಳೆ. ಉಗೀಲಿ. ನಿಜ ಗೊತ್ತಾಗೋದಕ್ಕಿಂತ ಅದು ಮೇಲು."

ಅವಳು ಹೇಳುತ್ತಿದ್ದುದೆಲ್ಲ ಸರಿಯಾಗಿಯೇ ಇತ್ತು. ಅದಕ್ಕೇ ಅವನ ಎದೆ ಒಡೆಯಿತು. ಅವನೂ ಇದನ್ನೇ ಮಾಡಿದ್ದ, ಪ್ರವಾಹದಲ್ಲಿ ಮನೆಯವರನ್ನೆಲ್ಲ ಮುಳುಗಿಸಿ. ಈಗ ಅವನ ಸರದಿ.

"ಹದಿನೈದು ದಿನ ಇದ್ದು, ಮದುವೆಗೆ ಮುಂಚೆ..." ಎಂದು ಶುರುಮಾಡಿದ.

ಆಗ ಕಾರ್ಖಾನೆಯ ಸೈರನ್ ಕೂಗಿತು. ಪಕ್ಕದ ಮನೆಯ ಹಿತ್ತಿಲಿನಿಂದ, ಅದರ ಪಕ್ಕದ ಹಿತ್ತಿಲಿನಿಂದ, ಬೀದಿಯುದ್ದಕ್ಕೂ ಹೆಂಗಸರ ಕೂಗು ಕೇಳಿಸಿತು. ಓಪಲ್ ಗೂಟದಿಂದ ಅವನ ಟೋಪಿ ತೆಗೆದಳು. ತುದಿಬೆರಳಲ್ಲಿ ಹಿಡಿದು ಮುಂದೆ ನೀಡಿದಳು.

"ಸೈರನ್ ಆಯ್ತು, ವಿಲ್ಬರ್" ಎಂದಳು.

ಇಪ್ಪತ್ತು ವರ್ಷ ಅದೇ ಬಾಗಿಲಲ್ಲಿ ಅದೇ ಮಾತನ್ನು ಅವಳು ಕೂಗಿದ್ದಳು. ಅವನು ಟೋಪಿ ತೆಗೆದುಕೊಂಡು, ತಲೆಗಿಟ್ಟು, ಹಿತ್ತಿಲ ಬಾಗಿಲಿನಿಂದ ಹೊರಬಿದ್ದ. ಒಳಗೆ ಅವಳು ಎರಡೇ ತಟ್ಟೆ ಇಡುವ ಸದ್ದು ಕೇಳಿಸಿತು.

ಮನೆಯನ್ನು ಸುತ್ತಿ ಬೀದಿಗೆ ಬರಬೇಕಾದರೆ ಮುಂದಿನ ಜಗಲಿಯನ್ನು ಹಾಯಲೇಬೇಕು. ಉಯ್ಯಾಲೆಯಲ್ಲಿ ಆರ್ಲೀನ್ ಮತ್ತು ಡ್ವೈಟ್ ಕೂತಿದ್ದರು. ಆಗ ತಾನೆ ಬಂದವರು, ಇನ್ನೂ ಆಟದ ನಗುವೇ ಮುಖದಲ್ಲಿ.

"ಅಪ್ಪಾ! ಎಲ್ಲಿಗ್ಹೊರಟೆ? ಸೈರನ್ ಆಯ್ತಲ್ಲ, ಕೇಳಿಸ್ಲಿಲ್ವಾ?"

"ಕೇಳಿಸ್ತು ಪುಟ್ಟಾ" ಎಂದ.

"ಇವತ್ತು ನಿನ್ನಿಂದ ನನ್ನ ಮರ್ಯಾದೆ ಉಳೀತು ಕಣಪ್ಪಾ! ಇವರಜ್ಜಿ ನಿನ್ನನ್ನ ಕಣ್ಣು ಮಿಟುಕಿಸ್ದೆ ನೋಡ್ತಿದ್ರು ಗೊತ್ತಾ!" ಅವಳು ಡ್ವೈಟ್‌ನ ಪಕ್ಕೆಗೆ ತಿವಿದಳು. "ಹೇಳು, ನೀನೂ ಹೇಳು, ನಿಮ್ಮಪ್ಪನ ಥರಾನೇ ಹೇಳು!"

ಡ್ವೈಟ್ ನಾಚಿಕೊಂಡ. ಒಳ್ಳೆಯ ಹುಡುಗ. ಆಮೇಲೆ ಎದ್ದು ನಿಂತು, ಎದೆ ಉಬ್ಬಿಸಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

"ಏಯ್ ಹುಡುಗಾ! ಟೋಪಿ!"

ವಿಲ್ಬರ್ ಟೋಪಿ ತೆಗೆದ. ಮಗುಚಿ, ಎರಡೂ ಹೆಬ್ಬೆರಳು ಒತ್ತಿ, ಅಂಗೈ ತೋರಿಸಿ, ಹೊಟ್ಟೆಗೆ ತಾಗಿಸಿ ಹಿಡಿದು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಮಗಳ ಮುಖ ನೋಡಬೇಕೆಂದಿತ್ತು, ಕಣ್ಣು ಡ್ವೈಟ್‌ನ ಬೂಟಿನಿಂದ ಮೇಲೇಳಲಿಲ್ಲ. ಆರ್ಲೀನ್ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದಳು.